ಮಾವನ ಕ್ರಮ, ಅಳಿಯನ ಕಲಬೆರಕೆ

"ಹಾಡಿಗೆ ಹೆಸರಿಡೋದು ಅಂದ್ರೆ ಮಿಕ್ಸಿಗೆ ಸ್ಕ್ರೂ ಹಾಕಿದ ಹಾಗಲ್ಲ. ಏಳನೇ ಕ್ಲಾಸು ದಾಟದವನ ಕೈಗೆ ನಮ್ಮಪ್ಪನ ಹಾಡು ಕೊಟ್ಟಿರಲ್ಲ, ಅನುಭವಿಸಿ."

ಅಳಿಯನ ಭಾವ, ಅಂದರೆ ಹೆಂಡತಿಯ ಅಣ್ಣ, ಇದನ್ನು ಪಿಸುಗುಟ್ಟಲಿಲ್ಲ. ಕಾಲೇಜಿನಲ್ಲಿ ಪಾಠ ಹೇಳುವಾಗ ಕೊನೇ ಬೆಂಚಿನವನ ನಿದ್ದೆ ಕೆಡಿಸುವ ಗಂಟಲು ಅವನದು. ಮನೆಯ ಹಾಲಿನಲ್ಲೂ ಅದನ್ನೇ ಬಳಸಿದ. ಅತ್ತೆಯ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಬೆಳಿಗ್ಗೆಯೇ ಬಂದು ಕೂತಿದ್ದ ನೆಂಟರು, ಪಕ್ಕದ ಮನೆಯ ರಿಟೈರಾದ ಪೋಸ್ಟ್‌ಮ್ಯಾನು, ಮೇಲ್ಮಹಡಿಯ ನರ್ಸಮ್ಮ, ಎಲ್ಲರ ಕತ್ತೂ ಒಂದೇ ಸಲ ಅಳಿಯನ ಕಡೆ ಹೊರಳಿತು. ಅಳಿಯ ಬಾಯಲ್ಲಿದ್ದ ಕೇಕಿನ ತುಂಡನ್ನು ನುಂಗಲೂ ಆರದೆ ಉಗುಳಲೂ ಆರದೆ ನಿಂತ.

ನಡೆದದ್ದು ಇಷ್ಟೇ. ತೀರಿಹೋದ ಮಾವನಿಗೆ ಇದ್ದದ್ದು ಒಂದೇ ಚಟ. ರೇಡಿಯೊದಿಂದ, ಯಾರ‍್ಯಾರದೋ ಮನೆಯಿಂದ ಎರವಲು ತಂದ ರೆಕಾರ್ಡುಗಳಿಂದ ಹಾಡು ಹೆಕ್ಕಿ, ಟೇಪ್ ರೆಕಾರ್ಡರನ್ನು ಎದುರಿಗಿಟ್ಟುಕೊಂಡು ಕ್ಯಾಸೆಟ್ಟಿಗೆ ತುಂಬುವುದು. ಒಂದು ಹಾಡು ಈ ಸಿನಿಮಾದ್ದು, ಇನ್ನೊಂದು ಆ ಸಿನಿಮಾದ್ದು, ಗಂಟಲಂತೂ ಒಂದೊಂದಕ್ಕೂ ಬೇರೆ. ಆದರೆ ಕ್ಯಾಸೆಟ್ಟಿಗೆ ಹೆಸರಿಡುವವರು ಮಾವನೇ. "ಊಟ ಆದಮೇಲೆ", "ಭಾನುವಾರದ ಸೋಮಾರಿತನ", "ಅವಳು ಮಾತು ಬಿಟ್ಟಾಗ". ಈ ಕೊನೆಯದು ಮೂರು ಸಂಪುಟಗಳಲ್ಲಿತ್ತು.

ಅತ್ತೆಯ ಹುಟ್ಟುಹಬ್ಬಕ್ಕೆ ಉಡುಗೊರೆಯೆಂದು ಅಳಿಯ ಅಷ್ಟೂ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ, ಹಾಡು ಹಾಡಾಗಿ ಕತ್ತರಿಸಿಟ್ಟಿದ್ದ. ಕಂಪ್ಯೂಟರಿನ ಪ್ರೋಗ್ರಾಮು "ಹೆಸರುಗಳನ್ನು ನಾನೇ ತುಂಬಲೇ?" ಎಂದು ಕೇಳಿತು. ಬರೆಯುವುದೆಂದರೆ ಜ್ವರ ಬರುವ ಅಳಿಯನಿಗೆ ದೇವರೇ ಬಾಗಿಲು ತಟ್ಟಿದ ಹಾಗಾಯಿತು. "ಹೂಂ" ಎಂದು ಒತ್ತಿದ. ಪ್ರೋಗ್ರಾಮು ಮಹಾ ಓದಿಕೊಂಡದ್ದು. ಒಂದೊಂದು ಹಾಡನ್ನೂ ಕೇಳಿ, ಇದು ಇಂಥ ಸಿನಿಮಾದ್ದು, ಇಂಥವರು ಹಾಡಿದ್ದು, ಇಂಥ ವರ್ಷದ್ದು ಎಂದು ಜಾತಕ ತೆಗೆದು, ಮಾವನ ಕ್ಯಾಸೆಟ್ಟುಗಳನ್ನು ಒಡೆದು, ಹಾಡುಗಳನ್ನು ಅದರದರ ಸಿನಿಮಾದ ಮನೆಗೆ ಅಟ್ಟಿತು. ಕೂಡುಕುಟುಂಬ ಪಾಲಾದ ಹಾಗೆ. "ಊಟ ಆದಮೇಲೆ" ಎಂಬ ಹೆಸರೇ ಉಳಿಯಲಿಲ್ಲ. ಒಂದೊಂದೇ ಹಾಡಿರುವ ಅನಾಥ ಆಲ್ಬಮ್ಮುಗಳು ಪರದೆಯ ತುಂಬ ನಿಂತವು.

ಇದನ್ನು ಅಳಿಯ ನೋಡುವ ಮೊದಲೇ ಭಾವ ಬಂದು, "ಇಲ್ಲಿ ಕೊಡು, ಅಮ್ಮನ ಮುಂದೆ ನಾನೇ ಹಾಕ್ತೀನಿ" ಎಂದು ಲ್ಯಾಪ್‌ಟಾಪು ಕಿತ್ತುಕೊಂಡು ಗುಂಡಿ ಒತ್ತಿದ್ದ. ಮೊದಲಿಗೆ ಹೊಡೆದಾಟದ ದೃಶ್ಯದ ಡೋಲು ಬಡಿಯಿತು. ಅದು ಮುಗಿಯುತ್ತಲೇ ಜೋಗುಳ. ಜೋಗುಳದ ಬಾಲ ಹಿಡಿದು ಒಬ್ಬ ಕುಡುಕನ ಹಾಡು. ಆಮೇಲೆ ಅದೇ ಜೋಗುಳ ಇನ್ನೊಂದು ಸಲ. ಅತ್ತೆ ಮೊದಲಿಂದಲೂ ಕಣ್ಣು ಮುಚ್ಚಿ ಕುರ್ಚಿಯಲ್ಲಿ ನೆಟ್ಟಗೆ ಕೂತು, ಮುಖದಲ್ಲಿ ಒಂದು ಗೆರೆಯೂ ಅಲುಗದ ಹಾಗೆ ಅಷ್ಟನ್ನೂ ಕೇಳಿದರು. ಆಮೇಲೆ ಎದ್ದು, "ಸಂಜೆ ನೋಡೋಣ" ಎಂದಷ್ಟೇ ಹೇಳಿ ಕೋಣೆಗೆ ಹೋದರು. ಆಗಲೇ ಭಾವ ಬಾಯಿ ಬಿಟ್ಟದ್ದು.

ಮಾತು ಹೋಗಲಿ, ಮಾತೇನು ಹೊಸದಲ್ಲ. ಮನೆ ಅಳಿಯನ ಕಿವಿ ಅಂದರೆ ದಾರಿಬದಿಯ ಗೋಡೆ ಇದ್ದ ಹಾಗೆ, ಯಾರು ಬೇಕಾದರೂ ಬಂದು ಪೋಸ್ಟರು ಅಂಟಿಸಬಹುದು. ಕಳವಳ ಬೇರೆಯದು. ಅತ್ತೆ ಹೇಳಿದ "ಸಂಜೆ" ಎಂಬ ಮಾತಿಗೆ ಇನ್ನೊಂದು ಕೊಂಡಿಯಿತ್ತು: ಬೀದಿಗೆ ಬಾಗಿಲಿರುವ ಮುಂದಿನ ಕೋಣೆ. ಅಳಿಯನ ರಿಪೇರಿ ಅಂಗಡಿ ಇದ್ದದ್ದು ಮೆಟ್ಟಿಲಿನ ಕೆಳಗೆ. ಕೂತರೆ ಮಂಡಿ ಗಲ್ಲಕ್ಕೆ, ಎದ್ದರೆ ನೆತ್ತಿ ಮೆಟ್ಟಿಲಿಗೆ. ಗಿರಾಕಿಗಳು ಅವನ ಮುಖ ನೋಡಬೇಕಾದರೆ ಸೊಂಟ ಬಗ್ಗಿಸಬೇಕು. ಎಷ್ಟೋ ಮಂದಿ ಯಾರೂ ಇಲ್ಲವೆಂದುಕೊಂಡು ಹೋಗಿಬಿಡುತ್ತಿದ್ದರು. ಮುಂದಿನ ಕೋಣೆ ಸಿಕ್ಕರೆ ನೆಟ್ಟಗೆ ನಿಂತು ದುಡಿಯಬಹುದು. ಭಾವನಿಗೆ ಅದೇ ಕೋಣೆ ಪುಸ್ತಕ ಇಡುವುದಕ್ಕೆ ಬೇಕು. ಓದುವುದಕ್ಕಲ್ಲ, ಇಡುವುದಕ್ಕೆ. ಕೋಣೆ ಯಾರಿಗೆಂದು ಹುಟ್ಟುಹಬ್ಬದ ಸಂಜೆ ಹೇಳುತ್ತೇನೆ ಎಂದಿದ್ದರು ಅತ್ತೆ.

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಅವನ ತೋಳು ಹಿಡಿದಳು. "ಸಂಜೆ ಒಳಗೆ ಅಪ್ಪ ಹೇಗೆ ಮಾಡಿದ್ರೋ ಹಾಗೇ ಮಾಡಿಡು. ಇಲ್ಲಾಂದ್ರೆ ಆ ಮೆಟ್ಟಿಲ ಕೆಳಗೆ ನೀನೂ ನಿನ್ನ ಮಿಕ್ಸಿಗಳೂ ಒಟ್ಟಿಗೆ ಮುದಿಯಾಗ್ತೀರ."

ಕ್ಯಾಸೆಟ್ಟುಗಳನ್ನೇ ಮತ್ತೆ ಹಾಕಿ ನೋಡೋಣವೆಂದರೆ, ಜಾಗ ಖಾಲಿಯಾಗಲಿ ಎಂದು ಭಾವನ ಹೆಂಡತಿ ಹಿಂದಿನ ದಿನವೇ ಅವನ್ನು ಗುಜರಿಯವನಿಗೆ ಹಾಕಿದ್ದಳು. ಬಹಳ ಚುರುಕಿನ ಹೆಂಗಸು.

ಅಳಿಯ ಯಂತ್ರ ತಂದು ಮೆಟ್ಟಿಲ ಕೆಳಗೆ ಕೂತ. ಮೊದಲು ಆಲ್ಬಮ್ಮಿನ ಹೆಸರು. ಯಾವ ಹಾಡು ಯಾವ ಕ್ಯಾಸೆಟ್ಟಿನದೆಂದು ಕತ್ತರಿಸಿದ ಅವನಿಗೆ ನೆನಪಿತ್ತು. ಒಂದೊಂದರ ಮೇಲೂ ಸಿನಿಮಾದ ಹೆಸರು ಅಳಿಸಿ "ಊಟ ಆದಮೇಲೆ" ಎಂದು ಬರೆದ. ಪ್ರೋಗ್ರಾಮು ಅದನ್ನು ಒಪ್ಪಿಕೊಂಡು, ಹಾಡುಗಾರರು ಎಷ್ಟು ಮಂದಿಯೋ ಅಷ್ಟು "ಊಟ ಆದಮೇಲೆ"ಗಳನ್ನು ಸಾಲಾಗಿ ನಿಲ್ಲಿಸಿತು. ಅಷ್ಟು ಹೊತ್ತಿಗೆ ಬಗ್ಗಿ ಇಣುಕಿದ ಪೋಸ್ಟ್‌ಮ್ಯಾನು, "ನಿಮ್ಮ ಮಾವ ದಿನಕ್ಕೆ ಇಷ್ಟು ಸಲ ಉಣ್ತಿದ್ರಾ? ನನಗೆ ಗೊತ್ತೇ ಇರಲಿಲ್ಲ" ಎಂದ.

ಅಳಿಯ ಹಲ್ಲು ಕಚ್ಚಿಕೊಂಡು ಪರದೆಯನ್ನು ಮೇಲಿಂದ ಕೆಳಗೆ ಜಾಲಾಡಿದ. ಹಾಡುಗಾರರ ಹೆಸರಿನ ಕೆಳಗೆ ಇನ್ನೊಂದು ಖಾಲಿ ಜಾಗವಿತ್ತು. ಇಡೀ ಆಲ್ಬಮ್ಮು ಯಾರದು ಎಂದು ಕೇಳುವ ಜಾಗ. ಯಾರದೆನ್ನುವುದು? ಹಾಡಿದವರು ನೂರು ಮಂದಿ. ಅವನು ತಲೆ ಕೆರೆದುಕೊಂಡು "ಮಾವ" ಎಂದು ಬರೆದ. ಅಷ್ಟೇ. ಚೆಲ್ಲಾಪಿಲ್ಲಿಯಾಗಿದ್ದ ಹಾಡುಗಳೆಲ್ಲ ಯಜಮಾನನ ಕೆಮ್ಮು ಕೇಳಿದ ಮಕ್ಕಳ ಹಾಗೆ ಓಡಿಬಂದು ಒಂದೇ ಹೆಸರಿನ ಕೆಳಗೆ ಕೂತವು.

ಕೂತವು, ಆದರೆ ತೋಚಿದ ಹಾಗೆ ಕೂತವು. ಯಾವುದಾದ ಮೇಲೆ ಯಾವುದು? ಅದನ್ನು ಮಾತ್ರ ಅಳಿಯ ಎಲ್ಲೂ ಗುರುತು ಹಾಕಿರಲಿಲ್ಲ. ಈ ಸುದ್ದಿ ಗೋಡೆಗೆ ಗೊತ್ತಾಗುವ ಮೊದಲು ಬೀದಿಗೆ ಗೊತ್ತಾಯಿತು, ಮೆಟ್ಟಿಲಿನ ಸುತ್ತ ಸಂತೆ ನೆರೆಯಿತು. ಪೋಸ್ಟ್‌ಮ್ಯಾನು ತಾನು ಇಷ್ಟು ವರ್ಷ ಗೋಡೆಯಾಚೆಯಿಂದ ಕೇಳಿದವನು, ದೋಣಿ ಹಾಡಾದ ಮೇಲೆ ಉಯ್ಯಾಲೆ ಹಾಡೇ ಎಂದು ಸಾಧಿಸಿದ. ನರ್ಸಮ್ಮ ಅಲ್ಲವೇ ಅಲ್ಲ, ದೋಣಿ ಹಾಡಿಗೆ ತಾನು ರಾತ್ರಿಪಾಳಿ ಮುಗಿಸಿ ಮಲಗುತ್ತಿದ್ದೆ, ಎಬ್ಬಿಸುತ್ತಿದ್ದದ್ದು ರೈಲಿನ ಹಾಡು ಎಂದಳು. ನೀವು ನಿದ್ದೆ ಮಾಡುವಾಗ ನಡುವೆ ನಾಲ್ಕು ಹಾಡು ಹೋಗಿರಬಹುದಲ್ಲ ಎಂದು ಪೋಸ್ಟ್‌ಮ್ಯಾನು ಪಾಟೀಸವಾಲು ಹಾಕಿದ. ಮಾತು ಹಾಡು ಬಿಟ್ಟು ನಿದ್ದೆಗೆ, ನಿದ್ದೆ ಬಿಟ್ಟು ಗೊರಕೆಗೆ, ಗೊರಕೆಯಿಂದ ಒಬ್ಬರ ಗೋಡೆಗೆ ಇನ್ನೊಬ್ಬರು ಹೊಡೆದ ಮೊಳೆಗೆ ಹೋಯಿತು. ಅಳಿಯ ಎಲ್ಲರಿಗೂ ಕೈಮುಗಿದು ಎದ್ದ. ನೆತ್ತಿ ಮೆಟ್ಟಿಲಿಗೆ ಬಡಿಯಿತು. ಎಲ್ಲರೂ ಒಂದಾಗಿ ನಕ್ಕರು. ಆ ದಿನ ಅವರು ಒಮ್ಮತಕ್ಕೆ ಬಂದದ್ದು ಅದೊಂದರಲ್ಲೇ.

ಜನ ಊಟಕ್ಕೆ ಹೋದ ಮೇಲೆ ಅವನು ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಸುಮ್ಮನೆ ಕೇಳತೊಡಗಿದ. ಆಗ ಹೊಳೆಯಿತು. ಕತ್ತರಿಸುವಾಗ ತಾನು ಮಾಡಿದ ಒರಟು ಕೆಲಸವೇ ಈಗ ದಾರಿ ತೋರಿಸುತ್ತಿತ್ತು. ಒಂದು ಹಾಡಿನ ಕೊನೆಗೆ ಅರ್ಧ ಕೆಮ್ಮು ಉಳಿದಿದೆ. ಉಳಿದರ್ಧ ಕೆಮ್ಮು ಇನ್ನೊಂದು ಹಾಡಿನ ತಲೆಗೆ ಅಂಟಿಕೊಂಡಿದೆ. ಇಲ್ಲಿ ಕುರ್ಚಿ ಕಿರ್ ಎಂದರೆ ಅಲ್ಲಿ ಧೊಪ್ ಎಂದು ಕೂತ ಸದ್ದು. ಹರಿದ ಕಾಗದವನ್ನು ಅಂಚಿಗೆ ಅಂಚು ಸೇರಿಸುವ ಹಾಗೆ ಅಳಿಯ ಕೆಮ್ಮಿಗೆ ಕೆಮ್ಮು ಜೋಡಿಸುತ್ತ ಹೋದ.

ಜೋಡಿಸುತ್ತ ಜೋಡಿಸುತ್ತ ಅವನ ಕೈ ನಿಧಾನವಾಯಿತು. ಹಾಡುಗಳ ನಡುವಿನ ಆ ಸಣ್ಣ ಸಂದಿಯಲ್ಲಿ ಮಾವನ ದನಿಯಿತ್ತು. "ಇದು ಕೇಳು." ಅಷ್ಟೇ. ಇನ್ನೊಂದು ಕಡೆ, "ಬಾ, ಪಾತ್ರೆ ಆಮೇಲೆ ತೊಳಿ." ಜೀವಮಾನದಲ್ಲಿ ಹೆಂಡತಿಯನ್ನು ಎದುರಿಗೆ ಹೊಗಳದ ಮನುಷ್ಯ. ಜಗಳದ ಹಾಡಾದ ಮೇಲೆ ರಾಜಿಯ ಹಾಡು, ಅದಾದ ಮೇಲೆ ತುಂಟ ಹಾಡು, ಅದಾದ ಮೇಲೆ ಜೋಗುಳ. ಬಾಯಲ್ಲಿ ಹೇಳಲಾಗದ್ದನ್ನೆಲ್ಲ ಮಾವ ಹಾಡಿನ ಸಾಲಿನಲ್ಲಿ ಹೇಳಿ ಮುಗಿಸಿದ್ದರು. ಓದಿಕೊಂಡ ಪ್ರೋಗ್ರಾಮಿಗೆ ಸಿನಿಮಾ ಗೊತ್ತಾಯಿತು, ವರ್ಷ ಗೊತ್ತಾಯಿತು, ಈ ಮನುಷ್ಯ ಗೊತ್ತಾಗಲಿಲ್ಲ. ಅಳಿಯ ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡ. ಕೋಣೆ ಸಿಗಲಿ ಬಿಡಲಿ, ಇದು ಅತ್ತೆಗೆ ಸೇರಬೇಕಾದದ್ದು ಎಂದುಕೊಂಡ. ಹಾಗೆಂದುಕೊಂಡರೂ ಕೋಣೆಯ ಬೀಗದ ಕೈ ಕಣ್ಣ ಮುಂದೆ ಆಡುತ್ತಲೇ ಇತ್ತು. ಸುಳ್ಳು ಯಾಕೆ ಹೇಳಬೇಕು.

ಸಂಜೆಗೆ ಎಲ್ಲ ಸಿದ್ಧವಾಯಿತು. ಬೆಳಗಿನ ಕಲಬೆರಕೆಯ ಗುರುತೂ ಇರದ ಹಾಗೆ ಒರೆಸಿ ಹಾಕಿದ್ದ. ಬೆಳಿಗ್ಗೆ ಇದ್ದವರೆಲ್ಲ ಮತ್ತೆ ಹಾಲಿನಲ್ಲಿ ನೆರೆದರು. ಈ ಸಲ ಯಂತ್ರದ ಹತ್ತಿರ ಭಾವ ಸುಳಿಯಲಿಲ್ಲ. ಅಪಾಯ ಇರುವ ಕಡೆ ಅವನಿಗೆ ಮೊದಲೇ ವಾಸನೆ ಬರುತ್ತದೆ. ಅಳಿಯನೇ ಗುಂಡಿ ಒತ್ತಿದ. "ಊಟ ಆದಮೇಲೆ" ಶುರುವಾಯಿತು. ಹಾಡು, ಕೆಮ್ಮು, ಕುರ್ಚಿ, "ಇದು ಕೇಳು", ಹಾಡು. ನರ್ಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪೋಸ್ಟ್‌ಮ್ಯಾನು ಉಯ್ಯಾಲೆ ಹಾಡು ತಾನು ಹೇಳಿದ ಕಡೆ ಬರಲಿಲ್ಲವೆಂಬುದನ್ನೂ ಮರೆತು ತಲೆದೂಗಿದ. ಅತ್ತೆ ಮುಗಿಯುವ ತನಕ ಕೇಳಿದರು. ಆಮೇಲೆ ಉದ್ದಕ್ಕೆ ಉಸಿರುಬಿಟ್ಟರು.

"ಸರಿಯಾಗಿದೆ. ಒಂದೂ ತಪ್ಪಿಲ್ಲ," ಎಂದರು.

ಅಳಿಯನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

"ನಲವತ್ತು ವರ್ಷ ಇದನ್ನೇ ಕೇಳಿದ್ದೀನಿ ಕಣಪ್ಪ. ಇದಾದ್ಮೇಲೆ ಇದು, ಅದಾದ್ಮೇಲೆ ಅದು. ಇಲ್ಲಿ ನಾನು ಕರಗಬೇಕು, ಇಲ್ಲಿ ನಗಬೇಕು, ಇಲ್ಲಿ ಎದ್ದು ಹಾಲಿಗೆ ಹೆಪ್ಪು ಹಾಕಬೇಕು. ಪುಣ್ಯಾತ್ಮ, ಒಂದು ದಿನ ಅದಲು ಬದಲು ಮಾಡಲಿಲ್ಲ." ಅತ್ತೆ ಕನ್ನಡಕ ತೆಗೆದು ಮಡಿಸಿದರು. "ಇವತ್ತು ಬೆಳಿಗ್ಗೆ ಒಂದು ಹಾಕಿದ್ರಲ್ಲ, ಡೋಲು ಬಡೀತು, ಜೋಗುಳ ಬಂತು, ಕುಡುಕ ಬಂದ. ಮುಂದೆ ಏನು ಬರತ್ತೋ ಗೊತ್ತಿಲ್ಲದೆ ಹಾಡು ಕೇಳಿದ್ದು ನನ್ನ ಮದುವೆಯಾದ್ಮೇಲೆ ಇದೇ ಮೊದಲು. ನಗು ತಡೆಯೋಕಾಗದೆ ಒಳಗೆ ಹೋಗಿಬಿಟ್ಟೆ. ಸಂಜೆ ಮತ್ತೆ ಅದನ್ನೇ ಕೇಳೋಣ ಅಂತ ಇಡೀ ದಿನ ಕಾದಿದ್ದೀನಿ. ನಾನು ಕಣ್ಣು ಮುಚ್ಚಿ ಕೂತಿದ್ದೆ, ನೋಡಲಿಲ್ಲ. ಬೆಳಿಗ್ಗೆ ಹಾಕಿದ್ದು ಯಾರು?"

ಅಳಿಯ ಬಾಯಿ ತೆರೆದ.

"ನಾನೇ ಅಮ್ಮ," ಎಂದ ಭಾವ. "ನಾನೇ ಒತ್ತಿದ್ದು. ಎಲ್ಲರೂ ನೋಡಿದ್ದಾರೆ."

ಎಲ್ಲರೂ ನೋಡಿದ್ದು ನಿಜ. ಪೋಸ್ಟ್‌ಮ್ಯಾನು ತಲೆಯಾಡಿಸಿದ. ನರ್ಸಮ್ಮ ಹೌದೆಂದಳು. ಸುಳ್ಳು ಹೇಳಿದ್ದರೆ ಹಿಡಿಯಬಹುದಿತ್ತು; ಭಾವ ಓದಿಕೊಂಡವನು, ಅಷ್ಟು ದಡ್ಡತನ ಮಾಡುವುದಿಲ್ಲ.

"ಹಾಗಾದ್ರೆ ಮುಂದಿನ ಕೋಣೆ ನಿನಗೇ ಇರಲಿ," ಎಂದರು ಅತ್ತೆ. "ನಾನೂ ಅಲ್ಲೇ ಬಂದು ಕೂತ್ಕೋತೀನಿ. ದಿನಾ ಹಾಗೇ ಹಾಕು."

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಹಣೆ ಒತ್ತಿಕೊಂಡಳು. ಭಾವ ಎದ್ದು ಬಂದು, ಎಲ್ಲರೆದುರು ಅಳಿಯನ ಹೆಗಲ ಮೇಲೆ ಕೈಯಿಟ್ಟ. ಬೆಳಗಿನದೇ ಗಂಟಲು, ಆದರೆ ಈ ಸಲ ಜೇನು ಸವರಿತ್ತು.

"ಏನಯ್ಯ, ಬೆಳಿಗ್ಗೆ ಇತ್ತಲ್ಲ, ಅದೇ ಕಲಬೆರಕೆ. ಡೋಲು, ಜೋಗುಳ, ಕುಡುಕ, ಹಾಗೇ ಅದೇ ಸಾಲಿನಲ್ಲಿ ನಾಳೆ ಒಳಗೆ ಮಾಡಿಕೊಡ್ತೀಯಲ್ಲ? ಒಂದೂ ತಪ್ಪಬಾರದು ನೋಡು."

ಕುಡುಕನ ಹಾಡಾದ ಮೇಲೆ ಬಂದದ್ದು ಜೋಗುಳವೋ ರೈಲಿನ ಹಾಡೋ ಎಂದು ಪೋಸ್ಟ್‌ಮ್ಯಾನಿಗೂ ನರ್ಸಮ್ಮನಿಗೂ ಆಗಲೇ ಶುರುವಾಗಿತ್ತು. ಅಳಿಯ ಭಾವನ ಕೈಯನ್ನು ಹೆಗಲಿನಿಂದ ಇಳಿಸಿದ. ಜನರ ಮಂಡಿಗಳನ್ನು ದಾಟಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ಬೀದಿಗೆ ಇಳಿದು ನಡೆದ.