ಅರ್ಧಕ್ಕೆ ಎರಡು ಕಡಿಮೆ

ಇಪ್ಪತ್ತೆರಡು ವರ್ಷಗಳಿಂದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿರುವ ನನ್ನ ತಂಗಿಗೆ ಮನುಷ್ಯದೇಹದ ಬಗ್ಗೆ ನೂರಕ್ಕೆ ನಲವತ್ತೊಂದರಷ್ಟು ಮಾತ್ರ ಗೊತ್ತು! ಇದು ನಾನು ಹೇಳುವ ಮಾತಲ್ಲ, ಆಕೆಯ ಪಿಯುಸಿ ಅಂಕಪಟ್ಟಿ ಹೇಳುವ ಮಾತು. ಅಚ್ಚಾದದ್ದನ್ನು ಸುಲಭಕ್ಕೆ ನಂಬುವವನು ನಾನಲ್ಲ. ಯಾದಗಿರಿಯ ಮುದ್ರಣಾಲಯವೊಂದರಲ್ಲಿ ಮೂವತ್ತು ವರ್ಷ ಅಚ್ಚಿನ ಮೊಳೆ ಜೋಡಿಸಿದವನು. ಶಾಲೆ ಕಲಿತದ್ದು ಏಳನೆಯ ತರಗತಿಯವರೆಗೆ. ಉಳಿದ ವಿದ್ಯೆಯೆಲ್ಲ ಕೈಗೆ ಬಂದ ಕರಡುಗಳಿಂದ. ಲಗ್ನಪತ್ರಿಕೆಯ 'ಸುಶೀಲ ವರ', ಕರಪತ್ರದ 'ಜನಪ್ರಿಯ ನಾಯಕ' ಎಲ್ಲರನ್ನೂ ಈ ಬೆರಳುಗಳೇ ಸೃಷ್ಟಿಸಿವೆ. ಆ ವರ ಎಷ್ಟು ಸುಶೀಲನೆಂಬುದು ಊರಿಗೆ ಗೊತ್ತಿತ್ತು, ಮೊಳೆಗೆ ಗೊತ್ತಿರಲಿಲ್ಲ. ಆದರೆ ಅಂಕಪಟ್ಟಿಯೊಡನೆ ವಾದಿಸಲು ಯಾರಿಂದ ಸಾಧ್ಯ?

ಎಲ್ಲವೂ ಒಂದು ಫೋನಿನಿಂದ ಆರಂಭವಾಯಿತು.

"ಅಣ್ಣ, ವಯಸ್ಸಿನ ಮಿತಿ ತಗದಾರಂತ!"

"ಯಾವುದಕ್ಕವ್ವ?"

"ಡಾಕ್ಟರ್ ಓದೂ ಪರೀಕ್ಷಾಕ್ಕ. ಯಾರ್ ಬೇಕಾದ್ರೂ ಬರೀಬೌದಂತ. ನಾ ಬರೀತೀನಿ."

"ನಿನಗ ನಲವತ್ನಾಲ್ಕು!"

"ಅದಕ್ಕ ಹೇಳಾಕತ್ತೀನಿ, ಮಿತಿ ತಗದಾರ ಅಂತ."

ಸುದ್ದಿ ಸುಳ್ಳೇ ಇರಬೇಕೆಂದು ಮೂರು ಪತ್ರಿಕೆಗಳನ್ನು ತಿರುವಿ ಹಾಕಿದೆ. ನಿಜ! ಪತ್ರಿಕೆಗಳು ಸತ್ಯ ಬರೆಯಲು ನಮ್ಮ ಮನೆಯ ಪ್ರಸಂಗವನ್ನೇ ಆರಿಸಿಕೊಳ್ಳಬೇಕಿತ್ತೇ?

ನನ್ನ ಪುಣ್ಯಕ್ಕೆ ಇನ್ನೊಂದು ನಿಯಮ ಉಳಿದಿತ್ತು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಕೂಡಿ ಮುನ್ನೂರಕ್ಕೆ ನೂರೈವತ್ತು ಇಲ್ಲದವರು ವೈದ್ಯಕೀಯದ ಬಾಗಿಲನ್ನು ತಟ್ಟುವಂತಿಲ್ಲ. ಜೀವಶಾಸ್ತ್ರದ ನಲವತ್ತೊಂದೇ ಆಕೆಯ ಶಿಖರ. ಉಳಿದೆರಡನ್ನು ಹೇಳದಿರುವುದು ಮನೆತನಕ್ಕೆ ಕ್ಷೇಮ. ಆಕೆ ಹೆದರಲಿಲ್ಲ. ಮುಕ್ತ ಶಾಲೆಗೆ ಹೆಸರು ಹಚ್ಚಿ, ಮೂರನ್ನೂ ಹೊಸದಾಗಿ ಬರೆದು, ಹಳೆಯ ಕಳಂಕವನ್ನು ತೊಳೆಯಲು ಹೊರಟಳು. ನಾನು ಲೆಕ್ಕ ಹಾಕಿ ತೋರಿಸಿದೆ. "ಅಂಕ ಸುಧಾರಿಸಾಕ ಎರಡ ವರ್ಷ, ಪ್ರವೇಶ ಪರೀಕ್ಷಾಕ್ಕ ಎರಡು, ಓದಾಕ ಆರು. ಐವತ್ನಾಲ್ಕಕ್ಕ ಡಾಕ್ಟರಾಗಿ ಏನ್ ಮಾಡ್ತಿ?"

"ಅರವತ್ತರ ತನಕ ನೌಕರಿ ಅದ. ಆರು ವರ್ಷ ಸಾಲದೇನು? ನಮ್ಮಲ್ಲಿಗಿ ಬಂದ ಡಾಕ್ಟರು ಒಬ್ಬರರ ಆರು ತಿಂಗಳ ನಿಂತಾರೇನು?"

ಲೆಕ್ಕದಲ್ಲಿ ನಾನು ಸೋತೆ.

ಭಾನುವಾರಗಳಂದು ತಾನಿರುವ ಸುರಪುರದಿಂದ ಬಸ್ಸು ಹತ್ತಿ ಶಹಾಪುರದ ಟ್ಯೂಷನ್ನಿಗೆ ಹೋಗತೊಡಗಿದಳು. ಮೊದಲ ದಿನ ಒಳಗೆ ಕಾಲಿಟ್ಟಾಗ ಹದಿನೇಳರ ಮಕ್ಕಳೆಲ್ಲ ಎದ್ದು ನಿಂತು ನಮಸ್ಕರಿಸಿದರಂತೆ. ಪಾಠ ಹೇಳುವಾತ ಹಿಂದಿನಿಂದ ಬಂದು, "ಪಾಲಕರು ಹೊರಗ ಕೂಡ್ರಿ" ಎಂದನಂತೆ.

"ನಾ ಪಾಲಕಿ ಅಲ್ಲರಿ ಸರ, ವಿದ್ಯಾರ್ಥಿ."

ಅಷ್ಟಕ್ಕೆ ಸುಮ್ಮನೆ ಕೂತಿದ್ದರೆ ಒಳ್ಳೆಯದಿತ್ತು. ಪಕ್ಕದಲ್ಲಿದ್ದ ಹುಡುಗಿಯ ಮುಖವನ್ನು ದಿಟ್ಟಿಸಿ, "ನೀ ಕಕ್ಕೇರಾ ಊರಾಕಿ ಅಲ್ಲೇನು? ಹುಟ್ಟಿದಾಗ ಅಳಲೇ ಇಲ್ಲ ನೀ. ಎಷ್ಟ್ ಬಡದೀನಿ ನಿನ್ನ ಅಂಗಾಲಿಗಿ!" ಎಂದು ತುಂಬಿದ ತರಗತಿಯಲ್ಲಿ ಕೇಳಿದಳು. ಆ ಹುಡುಗಿ ಮುಂದಿನ ವಾರದಿಂದ ಬೇರೆ ಬ್ಯಾಚಿಗೆ ಸೇರಿಕೊಂಡಳು!

ಭೌತಶಾಸ್ತ್ರಕ್ಕೆ ನಾನೇ ನೆರವಾಗುವೆನೆಂದು ಸುರಪುರಕ್ಕೆ ಹೋದೆ. ಮೊದಲ ಪುಟದಲ್ಲಿಯೇ 'ಘರ್ಷಣೆಯಿಲ್ಲದ ನೆಲದ ಮೇಲೆ ಒಂದು ವಸ್ತು ಚಲಿಸುತ್ತಿದೆ' ಎಂದಿತ್ತು. ಎಲ್ಲಿದೆ ಅಂಥ ನೆಲ? ಬರೆದವನು ನೋಡಿದ್ದಾನೆಯೇ? ನೋಡದೆ ಬರೆದಿದ್ದರೆ ನಾವು ಏಕೆ ನಂಬಬೇಕು? ಈ ಚರ್ಚೆಯಲ್ಲಿ ಎರಡು ದಿನ ಕಳೆದವು. ಮೂರನೆಯ ದಿನ ವಿದ್ಯುತ್ತಿನ ಅಧ್ಯಾಯ ತೆರೆದೆವು. ಲೈನ್‌ಮ್ಯಾನ್ ಆಗಿರುವ ತಂಗಿಯ ಗಂಡ ಹೆಗಲ ಮೇಲಿನಿಂದ ಇಣುಕಿ, ಹತ್ತು ಪುಟ ಓದಿ ನಿಟ್ಟುಸಿರು ಬಿಟ್ಟ. "ಅಣ್ಣಾರ, ಈ ಪುಸ್ತಕದಾಗ ಕರೆಂಟ್ ಒಮ್ಮಿನೂ ಹೋಗಂಗಿಲ್ಲಲ್ರಿ!" ಆಮೇಲೆ ನನ್ನನ್ನು ಹೊರಗೆ ಕರೆದು, ಬಹಳ ಗೌರವದಿಂದ, "ನೀವು ಹೇಳಿಕೊಡೂದು ಬ್ಯಾಡ್ರಿ. ಆಕಿಗಿ ಬರ್ತಿದ್ದದ್ದೂ ಮರ್ತು ಹೋಗ್ಯಾದ" ಎಂದ.

ಪರೀಕ್ಷೆಗಳು ಬಂದವು, ಹೋದವು. ಮೂರೂ ವಿಷಯ ಕೂಡಿ ಮೊದಲ ಸಲ ನೂರಿಪ್ಪತ್ತೊಂಬತ್ತು, ಎರಡನೆಯ ಸಲ ನೂರಮೂವತ್ತೇಳು. ಭೌತಶಾಸ್ತ್ರವಲ್ಲ, ಜೀವಶಾಸ್ತ್ರವೇ ಆಕೆಯನ್ನು ಮುಳುಗಿಸುತ್ತಿತ್ತು! ಆಕೆಗೆ ಗೊತ್ತಿಲ್ಲವೆಂದಲ್ಲ; ಬೇಡವಾದಷ್ಟು ಗೊತ್ತು. 'ದೇಹದ ಸಾಮಾನ್ಯ ಉಷ್ಣತೆ ಎಷ್ಟು?' ಎಂದು ಒಂದು ಅಂಕಕ್ಕೆ ಕೇಳಿದರೆ, 'ಯಾವ ಥರ್ಮಾಮೀಟರಿನಲ್ಲಿ? ನಮ್ಮಲ್ಲಿರುವುದು ಒಂದು ಡಿಗ್ರಿ ಹೆಚ್ಚು ತೋರಿಸುತ್ತದೆ' ಎಂದು ಬರೆದು ಬಂದಳು. ಮಲೇರಿಯಾದ ಲಕ್ಷಣಗಳನ್ನು ಕೇಳಿದರೆ, 'ರೋಗಿಯು ಬಿಸಿಲಿನಲ್ಲಿ ಕಂಬಳಿ ಕೇಳುತ್ತಾನೆ. ಮೊದಲು ದುಡಿಯಲು ಯಾವ ಊರಿಗೆ ಹೋಗಿದ್ದನೆಂದು ವಿಚಾರಿಸಬೇಕು' ಎಂದು ಶುರು ಮಾಡಿ ಎರಡು ಪುಟ ತುಂಬಿಸಿದಳು.

"ಪುಸ್ತಕದಾಗ ಇದ್ದಂಗ ಬರಿಯವ್ವ" ಎಂದು ಅಂಗಲಾಚಿದೆ. ಜೀವಮಾನವಿಡೀ ಪುಸ್ತಕಗಳೊಡನೆ ಜಗಳವಾಡಿದ ನನ್ನ ಬಾಯಿಂದ ಈ ಮಾತು! ಇದಕ್ಕಿಂತ ದೊಡ್ಡ ಸೋಲು ಇನ್ನೇನಿದೆ?

ಮೂರನೆಯ ಸಲದ ಫಲಿತಾಂಶ ಮೊನ್ನೆ ಬಂತು. ನೂರನಲವತ್ತೆಂಟು. ಎರಡು ಕಡಿಮೆ! ನಗಬೇಕೋ ಅಳಬೇಕೋ ಯಾರಿಗೂ ತಿಳಿಯಲಿಲ್ಲ. ಊರಿನವರು ಆಕೆಯನ್ನು 'ಡಾಕ್ಟರಮ್ಮ' ಎಂದು ಕರೆಯತೊಡಗಿದ್ದರು, ಮರ್ಯಾದೆಗಲ್ಲ. ಬಂಧುಗಳೆಲ್ಲ ಸೇರಿ ನನ್ನನ್ನು ಹಿಡಿದರು. "ನೀವು ಹಿರ್ಯಾರು, ನೀವ ಹೇಳ್ರಿ. ಸಾಕು ಮಾಡಂತ ಹೇಳ್ರಿ." ನನಗೂ ಸಾಕಾಗಿತ್ತು. ನೂರೈವತ್ತು ದಾಟಿದರೂ ಅದು ಹೊಸ್ತಿಲು ಮಾತ್ರ. ಒಳಗೆ ಲಕ್ಷಾಂತರ ಮಕ್ಕಳು ಬಾಣದಂತೆ ಹರಿತವಾಗಿ ಕಾದಿದ್ದಾರೆ. ಈ ಹುಚ್ಚಿಗೆ ಗುರಿಯಿಲ್ಲ, ದಡವಿಲ್ಲ ಎಂದು ಕಠಿಣವಾದ ನಾಲ್ಕು ವಾಕ್ಯಗಳನ್ನು ಬಸ್ಸಿನಲ್ಲಿಯೇ ಜೋಡಿಸಿಕೊಂಡು ಸುರಪುರದಲ್ಲಿ ಇಳಿದೆ.

ಆಕೆ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದಳು. ಅರ್ಜಿ ಹಾಕಿ ತರಿಸಿಕೊಂಡಿದ್ದ ಜೀವಶಾಸ್ತ್ರದ ಉತ್ತರಪತ್ರಿಕೆಯ ಪ್ರತಿಯನ್ನು ನನ್ನ ಕೈಗಿಟ್ಟಳು. "ಎಲ್ಲಿ ತಪ್ಪೀನಿ ನೋಡಣ್ಣ. ನಾ ರೊಟ್ಟಿ ಮಾಡ್ತೀನಿ" ಎಂದು ಒಳಗೆ ಹೋದಳು.

ಪುಟ ತಿರುವಿದೆ. 'ಪ್ರಸವದ ಹಂತಗಳನ್ನು ವಿವರಿಸಿ', ಐದು ಅಂಕ. ಮೊದಲ ನಾಲ್ಕು ಸಾಲು ಪುಸ್ತಕದಲ್ಲಿದ್ದಂತೆಯೇ ಇದ್ದವು. ಅನಂತರ ಹೀಗಿತ್ತು: 'ಕೊನೆಯ ಹಂತದಲ್ಲಿ ತಾಯಿ ನಮ್ಮ ಕೈಯನ್ನು ಹಿಡಿಯುತ್ತಾಳೆ. ಆಕೆ ತಾನಾಗಿ ಬಿಡುವವರೆಗೆ ನಾವು ಬಿಡಬಾರದು. ರಕ್ತ ನಿಲ್ಲದಿದ್ದರೆ ವೈದ್ಯರನ್ನು ಕರೆಯಬೇಕು. ಒಮ್ಮೆ ವೈದ್ಯರು ಇರಲಿಲ್ಲ. ಯಾದಗಿರಿಯ ಆಸ್ಪತ್ರೆಗೆ ಹೊರಟ ಗಾಡಿ ಶಹಾಪುರ ದಾಟುವಾಗ ಆಕೆಯ ಕೈ ತಣ್ಣಗಾಯಿತು. ಯಾದಗಿರಿ ಮುಟ್ಟುವವರೆಗೆ ನಾನು ಬಿಡಲಿಲ್ಲ.'

ಆ ಸಾಲುಗಳ ಮೇಲೆ ಕೆಂಪು ಗೆರೆ ಎಳೆದಿತ್ತು. ಅಂಚಿನಲ್ಲಿ 'ಪ್ರಶ್ನೆಗೆ ಸಂಬಂಧಿಸಿಲ್ಲ' ಎಂದು ಬರೆದಿತ್ತು. ಐದಕ್ಕೆ ಎರಡು.

ಈ ಸಂಗತಿಯನ್ನು ಆಕೆ ಗಂಡನಿಗೆ ಹೇಳಿರಲಿಲ್ಲ, ನನಗೆ ಹೇಳಿರಲಿಲ್ಲ. ಮುಖ ಕಾಣದ ಒಬ್ಬ ಪರೀಕ್ಷಕನಿಗೆ ಹೇಳಿದ್ದಳು.

"ಎಷ್ಟು ತಪ್ಪದಾವಣ್ಣ?" ಎಂದು ಒಳಗಿನಿಂದ ಕೇಳಿದಳು.

ಜೋಡಿಸಿ ತಂದಿದ್ದ ನಾಲ್ಕು ವಾಕ್ಯಗಳ ಮೊಳೆಗಳನ್ನು ಮನಸ್ಸಿನಲ್ಲಿಯೇ ಬಿಚ್ಚಿ ಹಾಕಿದೆ.

"ಅಕ್ಷರ ಚೊಲೋ ಅದಾವವ್ವ" ಎಂದೆ. ಉತ್ತರಪತ್ರಿಕೆಯನ್ನು ಮಡಿಸಿಟ್ಟು, "ಮುಂದಿನ ಪರೀಕ್ಷಾದ ಫಾರಂ ತುಂಬೂ ಕಡೀ ದಿನ ಯಾವಾಗ?" ಎಂದೂ ಕೇಳಿದೆ.

ಒಳಗೆ ರೊಟ್ಟಿ ಬಡಿಯುವ ಸಪ್ಪಳ ಒಂದು ಗಳಿಗೆ ನಿಂತಿತು.