ಗಾಡಿಗೆ ಕನ್ನಡ ಕಲಿಸಲು ಹೊರಟ ಅಳಿಯ

ಸೋಮಶೇಖರನಿಗೆ ಒಂದು ಕಾಯಿಲೆ. ಬಟನ್ ಕಂಡರೆ ಒತ್ತಬೇಕು, ಒತ್ತಿದ ಮೇಲೆ ಅದರ ಬಗ್ಗೆ ಭಾಷಣ ಬಿಗಿಯಬೇಕು. ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಮೆಷಿನ್ ರಿಪೇರಿ ವಿಭಾಗದ ಸೂಪರ್‌ವೈಸರ್ ಅಲ್ಲವೇ, ಅಷ್ಟಾದರೂ ಗತ್ತು ಬೇಡವೇ? ಕಾರ್ಖಾನೆಯಲ್ಲಿ ಆ ಗತ್ತಿಗೆ ಯಾರೂ ಸೊಪ್ಪು ಹಾಕುತ್ತಿರಲಿಲ್ಲ. ಆದರೆ ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಮಾವ ಸದಾಶಿವಯ್ಯನವರು ಮಾತ್ರ ಅಳಿಯನ ಮಾತನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು.

ಅದಕ್ಕೇ ನಾದಿನಿ ಮಾನಸಾಗೆ ಕುಣಿಗಲ್ಲಿನ ಸಂಬಂಧ ಬಂದಾಗ ಅವರು ಹೇಳಿದ್ದು ಇಷ್ಟೇ: "ನಾವು ಹಳೇ ಕಾಲದವ್ರು. ಹುಡುಗನ್ನ ಎದುರಿಗೆ ಕೂರಿಸ್ಕೊಂಡು ನೀವೇ ವಿಚಾರಿಸ್ಬೇಕು ಅಳಿಯಂದ್ರೆ. ನೀವು ಹೂಂ ಅಂದ್ರೆ ಹೂಂ."

ಸೋಮಶೇಖರ ಹನ್ನೆರಡು ಪ್ರಶ್ನೆಗಳನ್ನು ಟೈಪ್ ಮಾಡಿಸಿ ಜೇಬಿನಲ್ಲಿಟ್ಟುಕೊಂಡ. ಮೊದಲನೆಯದೇ 'ತಾಂತ್ರಿಕ ಜ್ಞಾನ ಎಷ್ಟಿದೆ?' ಹುಡುಗ ಚನ್ನೇಶ ತೆಂಗಿನ ಸಸಿಗಳ ನರ್ಸರಿ ಇಟ್ಟವನು. ಪಾಪ, ಮೊದಲ ಪ್ರಶ್ನೆಗೇ ಮಣ್ಣು ಮುಕ್ಕುತ್ತಾನೆ ಎಂದು ಇವನಿಗೆ ಒಳಗೊಳಗೇ ಖುಷಿ.

ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ಮಾವನ ಹೊಸ ಕಾರು ಉಪ್ಪಾರಹಳ್ಳಿಯ ಸೋಮಶೇಖರನ ಮನೆ ಮುಂದೆ ನಿಂತಿತು. ಹತ್ತೂವರೆಗೆ ರಾಹುಕಾಲ. ಅಷ್ಟರೊಳಗೆ ಕುಣಿಗಲ್ಲಿನ ಮನೆಯ ಹೊಸಿಲು ದಾಟಬೇಕು.

"ಇದ್ರಲ್ಲಿ ಏನೇನೋ ಇಂಗ್ಲಿಷಲ್ಲಿ ಬರ್ತದೆ, ನಂಗೆ ತಿಳಿಯಾಕಿಲ್ಲ. ಶೋರೂಮಿನವ್ರು ಸರ್ವೀಸಿಗೆ ಬಂದಾಗ ಕನ್ನಡ ಮಾಡ್ಕೊಡ್ತಾರಂತೆ," ಎಂದರು ಮಾವ.

"ಇಷ್ಟಕ್ಕೆ ಶೋರೂಮ್ ಯಾಕೆ ಮಾವ? ಜರ್ಮನಿ ಮೆಷಿನ್ನು ನನ್ ಕೈಲಿ ಮಾತಾಡ್ತವೆ. ಎರಡು ನಿಮಿಷ."

"ರೀ, ಬಂದ್ಮೇಲೆ ಮಾಡಿ," ಎಂದಳು ಹೆಂಡತಿ ರೂಪಶ್ರೀ. ಹದಿಮೂರು ವರ್ಷದಿಂದ ಅವನ ಎರಡು ನಿಮಿಷಗಳನ್ನು ಕಂಡವಳು.

ಎರಡು ನಿಮಿಷ ಇಪ್ಪತ್ತಾಯಿತು. ಪರದೆಯ ಮೇಲೆ ಇಂಗ್ಲಿಷ್ ಹೋಯಿತು, ಕನ್ನಡ ಬರಲಿಲ್ಲ. ಬಂದದ್ದು ಚಕ್ಕುಲಿ ಒತ್ತಿಟ್ಟಂತಹ ಯಾವುದೋ ಲಿಪಿ. ವಾಪಸ್ ಹೋಗೋಣವೆಂದರೆ ವಾಪಸ್ ಹೋಗುವ ದಾರಿಯನ್ನೂ ಅದೇ ಚಕ್ಕುಲಿಯಲ್ಲಿ ಬರೆದಿದ್ದರು. ಮಾವ ಕನ್ನಡಕ ಸರಿ ಮಾಡಿಕೊಂಡು ಬಗ್ಗಿ ನೋಡಿದರು.

"ಇದು ಹಳಗನ್ನಡವಾ ಅಳಿಯಂದ್ರೆ?"

"ಲೋಡ್ ಆಗ್ತಿದೆ ಮಾವ. ದಾರೀಲಿ ಸರಿ ಹೋಗುತ್ತೆ."

ಹೊರಡುವ ಮುಂಚೆ ಅತ್ತೆ ತಿಪ್ಪಮ್ಮ ಇಪ್ಪತ್ತೊಂದು ತೆಂಗಿನಕಾಯಿಯ ಬುಟ್ಟಿಯನ್ನು ಮುಂದಿನ ಸೀಟಿನಲ್ಲಿ ಇಡಿಸಿದರು. ಡಿಕ್ಕಿಯಲ್ಲಿ ಚಪ್ಪಲಿ ಚೀಲವಿತ್ತು, ಶುಭಕಾರ್ಯಕ್ಕೆ ಒಯ್ಯುವ ಕಾಯಿಯನ್ನು ಅದರ ಪಕ್ಕ ಇಡಲಾದೀತೇ? ಮಾವ, ಅತ್ತೆ, ರೂಪಶ್ರೀ ಮೂವರೂ ಹಿಂದೆ ಕುಳಿತರು. ಸೋಮಶೇಖರ ಶಿಸ್ತಾಗಿ ಬೆಲ್ಟ್ ಹಾಕಿಕೊಂಡು ಗಾಡಿ ಎತ್ತಿದ.

ಹೊರಟದ್ದೇ ತಡ, ಕುಂಯ್ ಕುಂಯ್ ಎಂದು ಶುರುವಾಯಿತು. ವೇಗ ಹೆಚ್ಚಿಸಿದರೆ ಅದೂ ಗಂಟಲು ಹೆಚ್ಚಿಸಿತು. ಹೆಬ್ಬೂರು ಹತ್ತಿರವಾಗುವಷ್ಟರಲ್ಲಿ ಅತ್ತೆಗೆ ತಲೆನೋವು, ರೂಪಶ್ರೀಗೆ ಕೋಪ, ಸೋಮಶೇಖರನಿಗೆ ಬೆವರು. ಪಕ್ಕಕ್ಕೆ ಹಾಕಿ ನಿಲ್ಲಿಸಿದ. ಚಕ್ಕುಲಿ ಲಿಪಿಯ ಕೆಳಗೆ ಬೆಲ್ಟ್ ಹಾಕಿಕೊಂಡ ಪುಟ್ಟ ಕೆಂಪು ಮನುಷ್ಯ ಮಿನುಗುತ್ತಿದ್ದ.

"ನೋಡಿ ಮಾವ, ನಾನು ಬೆಲ್ಟ್ ಹಾಕಿದೀನಿ. ಆದ್ರೂ ಬೆಲ್ಟಿನ ಲೈಟು ಉರೀತಿದೆ. ಅಂದ್ರೆ ಏನರ್ಥ? ವೈರಿಂಗೇ ಹೋಗಿದೆ. ಹಿಂಗೇ ಓಡಿಸಿದ್ರೆ ಗಾಡಿ ಹತ್ಕೊಂಡು ಉರಿಯುತ್ತೆ."

ಉರಿಯುತ್ತೆ ಎಂದದ್ದೇ ತಪ್ಪಾಯಿತು. ಮೂವರೂ ಬಾಗಿಲು ತೆಗೆದು ಹಾರಿದರು. ಮಾವ ಗಾಬರಿಯಲ್ಲಿ ಬೀಗರಾಗಬೇಕಾದ ಮಹಾದೇವಯ್ಯನವರಿಗೇ ಫೋನ್ ಮಾಡಿಬಿಟ್ಟರು. ಅರ್ಧ ಗಂಟೆಯಲ್ಲಿ ನರ್ಸರಿಯ ಲಗೇಜ್ ಆಟೋ ಬಂತು. ಓಡಿಸುತ್ತಿದ್ದವನು ಮದುವೆ ಗಂಡು ಚನ್ನೇಶ, ಪಕ್ಕದಲ್ಲಿ ಅವನ ತಂದೆ ಮಹಾದೇವಯ್ಯ. ರೇಷ್ಮೆ ಸೀರೆಯುಟ್ಟ ಅತ್ತೆ ಸಸಿಯ ಮಣ್ಣು ಮೆತ್ತಿದ ಆಟೋವನ್ನೊಮ್ಮೆ, ಅಳಿಯನನ್ನೊಮ್ಮೆ ನೋಡಿದರು.

ಸೋಮಶೇಖರ ಕೀ ತಿರುಗಿಸಿ, ಕುಂಯ್ ಎನ್ನಿಸಿ, ಕಾರಿನ ನರಮಂಡಲದ ಬಗ್ಗೆ ಐದು ನಿಮಿಷ ಪಾಠ ಹೇಳಿದ. ಚನ್ನೇಶ ಕೈಕಟ್ಟಿ ಕೇಳಿಸಿಕೊಂಡ. ಆಮೇಲೆ, "ಮೊದ್ಲು ಕಾಯಿ ಆಟೋಗೆ ಸಾಗಿಸ್ತೀನಿ ಸಾರ್," ಎಂದು ಬುಟ್ಟಿ ಎತ್ತಿದ.

ಸದ್ದು ನಿಂತಿತು. ಕೆಂಪು ಮನುಷ್ಯ ಮಾಯವಾದ.

ಚನ್ನೇಶ ಬುಟ್ಟಿಯನ್ನು ಮತ್ತೆ ಸೀಟಿನ ಮೇಲಿಟ್ಟ. ಕುಂಯ್. ಎತ್ತಿದ. ಗಪ್‌ಚಿಪ್. ಮಹಾದೇವಯ್ಯನವರಿಗೆ ನಂಬಿಕೆ ಬರದೆ ತಾವೂ ಒಂದು ಸಲ ಇಟ್ಟು ಎತ್ತಿ ನೋಡಿದರು.

"ಅಂದ್ರೆ," ಎಂದರು ತಿಪ್ಪಮ್ಮ ನಿಧಾನವಾಗಿ, "ಕಾಯಿಗೆ ಬೆಲ್ಟ್ ಹಾಕಿಲ್ಲ ಅಂತ ಅದು ಬಡ್ಕೊಂತಿತ್ತಾ?"

ಯಾರೂ ನಗಲಿಲ್ಲ. ನಕ್ಕಿದ್ದರೆ ಸೋಮಶೇಖರನೂ ಹಲ್ಲು ಕಿರಿದು ಪಾರಾಗುತ್ತಿದ್ದ. ರೂಪಶ್ರೀ ಸೆರಗನ್ನು ಬಾಯಿಗೆ ಒತ್ತಿಕೊಂಡು ರಸ್ತೆಯ ಆಚೆಗೆ ತಿರುಗಿ ನಿಂತಳು. ಮಾವ ಅವನ ಮುಖ ನೋಡದೆ ವಾಚ್ ನೋಡಿಕೊಂಡರು. ಹತ್ತೂ ಮುಕ್ಕಾಲು. ಚನ್ನೇಶನಂತೂ, "ನಂಗೂ ಗೊತ್ತಾಗ್ತಿರ್ಲಿಲ್ಲ ಸಾರ್, ಅಕಸ್ಮಾತ್ ತಿಳೀತು ಅಷ್ಟೆ," ಎಂದುಬಿಟ್ಟ. ಆ ಒಳ್ಳೆಯತನ ಕಪಾಳಕ್ಕೆ ಬಿಗಿದಂತಾಗಿ ಸೋಮಶೇಖರನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಕಾಯಿ ಆಟೋದಲ್ಲಿ, ಜನ ಕಾರಿನಲ್ಲಿ ಹೊರಟು, ರಾಹುಕಾಲ ಕಳೆಯಲಿ ಎಂದು ಹನ್ನೆರಡರವರೆಗೆ ಕುಣಿಗಲ್ ಕೆರೆ ಏರಿಯ ಮೇಲೆ ಕಾದು, ಆಮೇಲೆ ಗಂಡಿನ ಮನೆಗೆ ಹೋದರು. ತಿಂಡಿ, ಕಾಫಿ ಆಯಿತು. ಚಾಪೆಯ ಮೇಲೆ ಹತ್ತು ಹದಿನೈದು ಜನ ನೆಂಟರು. ಹೆಬ್ಬೂರಿನ ಸುದ್ದಿ ಅಷ್ಟರಲ್ಲಿ ಅಡುಗೆಮನೆ ತಲುಪಿತ್ತು ಅನ್ನುವುದಕ್ಕೆ ಅಲ್ಲಿಂದ ಬರುತ್ತಿದ್ದ ಕಿಸಿಕಿಸಿಯೇ ಸಾಕ್ಷಿ. ಚನ್ನೇಶ ಬಂದು ತಲೆ ತಗ್ಗಿಸಿ ಎದುರಿಗೆ ಕುಳಿತ.

"ನಮ್ಮ ಹಿರಿ ಅಳಿಯಂದ್ರು ಹುಡುಗನ್ನ ವಿಚಾರಿಸ್ತಾರೆ," ಎಂದರು ಸದಾಶಿವಯ್ಯ. ಕೊಟ್ಟ ಮಾತಿಗೆ ತಪ್ಪುವವರಲ್ಲ ಅವರು. "ಕೇಳಿ ಅಳಿಯಂದ್ರೆ."

ಸೋಮಶೇಖರ ಜೇಬಿಗೆ ಕೈ ಹಾಕಿದ. ಕಾಗದ ಬೆರಳಿಗೆ ಸಿಕ್ಕಿತು. ಮೊದಲನೇ ಪ್ರಶ್ನೆ ನೆನಪಾಗಿ ಕಿವಿ ಬಿಸಿಯಾಯಿತು. ಕಾಗದವನ್ನು ಅಲ್ಲೇ ಬಿಟ್ಟು ಬರಿಗೈ ಹೊರತೆಗೆದ. ಮುಂದಕ್ಕೆ ಬಗ್ಗಿ, ಹುಡುಗನಿಗೆ ಮಾತ್ರ ಕೇಳುವಂತೆ ಕೇಳಿದೆನೆಂದುಕೊಂಡ. ಕೇಳಿಸಿದ್ದು ಎಲ್ಲರಿಗೂ.

"ಆ ಗಾಡೀಲಿ ಕನ್ನಡ ಎಲ್ಲಿ ಇಟ್ಟವ್ರೆ, ಸ್ವಲ್ಪ ಹುಡುಕಿ ಕೊಡ್ತೀರಾ?"

"ಬನ್ನಿ ಅಣ್ಣ, ಇಬ್ರೂ ಸೇರಿ ನೋಡಣ," ಎಂದು ಚನ್ನೇಶ ಎದ್ದ.

ಸದಾಶಿವಯ್ಯನವರು ಮಹಾದೇವಯ್ಯನವರ ಕಡೆ ತಿರುಗಿ ಕೈಮುಗಿದರು.

"ವಿಚಾರಣೆ ಮುಗೀತು ಬೀಗ್ರೆ. ಹುಡುಗ ನಮಗೆ ಒಪ್ಗೆ."