ಕಡ್ಡಿಯ ಎದೆಬಡಿತ

ಅಷ್ಟೂ ಅನಾಹುತಕ್ಕೆ ಕಾರಣ ಭಾವಮೈದುನನ ಒಂದು ದವಡೆ ಹಲ್ಲು.

ಆಸ್ಪತ್ರೆಗೆ ಹೊಸದಾಗಿ ಕ್ವಾಂಟಂ ಸಂವೇದಕ ಬಂದಿತ್ತು. ಹೃದಯ ಬಡಿದಾಗ ಹುಟ್ಟುವ ಚೂರೇ ಚೂರು ಕಾಂತಶಕ್ತಿಯನ್ನು ಅದರೊಳಗಿನ ಪರಮಾಣುಗಳು ಮೈ ಮುಟ್ಟದೆಯೇ ಹಿಡಿದು, ಪರದೆಯ ಮೇಲೆ ಗೆರೆಯಾಗಿ ತೋರಿಸುತ್ತಿದ್ದವು. ಅದನ್ನು ನಡೆಸುವ ಕೆಲಸಕ್ಕೆ ವಾರ್ಡಿನ ಅಟೆಂಡರ್ ಆಸೆಪಟ್ಟಿದ್ದ. ಮೈಮೇಲೆ ಮಾಂಸವಿಲ್ಲದ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಕಡ್ಡಿ ಎಂದೇ. ಪಾಪ, ಆರು ತಿಂಗಳು ನಿದ್ದೆಗೆಟ್ಟು ಯಂತ್ರದ ಕೈಪಿಡಿಯನ್ನು ಉರುಹೊಡೆದಿದ್ದ. ಇವತ್ತು ಹನ್ನೊಂದಕ್ಕೆ ದೊಡ್ಡ ಡಾಕ್ಟರು ಬಂದು ನೋಡಿ ಮೆಚ್ಚಿದರೆ ಯಂತ್ರದ ಮುಂದಿನ ಕುರ್ಚಿ ಅವನದು.

ಪರೀಕ್ಷೆಗೆ ಮಲಗಲು ತನ್ನ ಭಾವಮೈದುನನನ್ನು ಪುಸಲಾಯಿಸಿ ಕರೆತಂದಿದ್ದ. ಗುಂಡಿ ಒತ್ತಿದ್ದೇ ತಡ, ಗೆರೆ ಹುಚ್ಚುಕುದುರೆಯಂತೆ ನೆಗೆಯಿತು.

"ಮೈಮೇಲೆ ಲೋಹ ಇದೆ, ಬಿಚ್ಚಿಸಪ್ಪ," ಎಂದರು ನರ್ಸಮ್ಮ.

ಬೆಲ್ಟು ಹೋಯಿತು. ಉಂಗುರ ಹೋಯಿತು. ಜಿಪ್ಪಿನ ದೆಸೆಯಿಂದ ಪ್ಯಾಂಟೂ ಹೋಯಿತು. ಗೆರೆಯ ಕುಣಿತ ಮಾತ್ರ ನಿಲ್ಲಲಿಲ್ಲ.

"ಭಾವ, ಇನ್ನು ಬಿಚ್ಚೋಕೆ ಚರ್ಮ ಒಂದೇ ಉಳಿದಿರೋದು!"

ನರ್ಸಮ್ಮ ಅವನ ಬಾಯಿ ತೆರೆಸಿ ಟಾರ್ಚು ಬಿಟ್ಟರು. ದವಡೆ ಹಲ್ಲಿಗೆ ಲೋಹದ ಟೊಪ್ಪಿ!

"ಮೊದಲೇ ಹೇಳೋಕೆ ಏನಾಗಿತ್ತೋ ನಿಂಗೆ?" ಕಡ್ಡಿ ಹಣೆ ಚಚ್ಚಿಕೊಂಡ.

"ನೀವು ಎದೆ ಬೇಕು ಅಂದ್ರಿ. ಹಲ್ಲಿನ ವಿಷಯ ಕೇಳಿದ್ರಾ?"

ಹನ್ನೊಂದಕ್ಕೆ ಐದೇ ನಿಮಿಷವಿತ್ತು. ಬೆಳಗಿನಿಂದ ಬಾಗಿಲಲ್ಲಿ ಇಣುಕುತ್ತಿದ್ದ ಇಸಿಜಿ ವಿಭಾಗದವನು ಒಳಗೆ ಬಂದ.

"ನೀನೇ ಮಲಗಯ್ಯ. ನಿನ್ ಮೈಯಲ್ಲಿ ಮಾಂಸಾನೇ ಇಲ್ಲ, ಲೋಹ ಎಲ್ಲಿಂದ ಬರ್ಬೇಕು? ಗುಂಡಿ ತಾನೇ, ನಾನು ಒತ್ತುತೀನಿ."

ಬೇರೆ ದಾರಿ ಕಾಣದೆ ಕಡ್ಡಿ ಆಸ್ಪತ್ರೆಯ ನಿಲುವಂಗಿ ತೊಟ್ಟು ಒಳಕೋಣೆಯಲ್ಲಿ ಮಲಗಿದ. ದಪ್ಪ ಬಾಗಿಲು ಮುಚ್ಚಿತು. ಹೊರಗಿನ ಮಾತು ಸ್ಪೀಕರಿನಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು.

ದೊಡ್ಡ ಡಾಕ್ಟರು ಬಂದರು. ಪರದೆಯ ಮೇಲೆ ಗೆರೆ ಅಚ್ಚುಕಟ್ಟಾಗಿ ಓಡುತ್ತಿತ್ತು.

"ಭೇಷ್! ಯಾರು ನಡೆಸಿದ್ದು?"

ಇಸಿಜಿಯವನು ತಲೆ ಕೆರೆದುಕೊಂಡ. "ಏನೋ ಸರ್, ಕೈಲಾದಷ್ಟು..."

"ನಾಳೆಯಿಂದ ಈ ಕುರ್ಚಿ ನಿನ್ನದೇ. ಒಳಗಿರೋನು ಯಾರು?"

"ಅಟೆಂಡರ್ ಸರ್."

"ಎಷ್ಟು ಶುದ್ಧವಾಗಿದೆ ನೋಡಿ ಅವನ ಗೆರೆ! ದಿನಾ ಬೆಳಗ್ಗೆ ಯಂತ್ರ ಸರಿ ಇದೆಯಾ ಅಂತ ನೋಡೋಕೆ ಅವನನ್ನೇ ಮಲಗಿಸಿ."

ಕಡ್ಡಿ ಕೂಗಲು ಬಾಯಿ ತೆರೆದ. ಮಾತಾಡಿದರೆ ಗೆರೆ ಕೆಡುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಬಾಯಿ ಮುಚ್ಚಿಕೊಂಡ. ಆದರೆ ಎದೆ ಕೇಳಬೇಕಲ್ಲ, ಧಸಕ್ಕೆಂದಿತು. ಪರದೆಯ ಗೆರೆ ಒಮ್ಮೆಲೇ ಮೇಲಕ್ಕೆ ಜಿಗಿದು ಕೆಳಗೆ ಬಿತ್ತು.

ದೊಡ್ಡ ಡಾಕ್ಟರು ಖುಷಿಯಿಂದ ಚಪ್ಪಾಳೆ ತಟ್ಟಿದರು.

"ನೋಡಿದ್ರಾ ನೋಡಿದ್ರಾ! ಮನುಷ್ಯ ತುಟಿ ಬಿಚ್ಚದಿದ್ರೂ ಎದೇಲಿ ಆಗೋದನ್ನ ಹಿಡಿದುಬಿಡುತ್ತೆ. ಎಂಥಾ ಯಂತ್ರ!"